ಭಾನುವಾರದ ಇನ್ವರ್ಟರ್ ರಿಪೇರಿ

ಉಮಾಶಂಕರ ದುವ್ವಾಡದಲ್ಲಿ ರೈಲಿಳಿದು, ಆಟೋದವನ ಜೊತೆ ಜಗಳವಾಡಿ, ಪೆಂಡುರ್ತಿಯ ಮನೆ ಸೇರುವಷ್ಟರಲ್ಲಿ ಹಣ್ಣುಗಾಯಿ ನೀರುಗಾಯಿ ಆಗಿಬಿಡುತ್ತಿದ್ದ. ಬ್ಯಾಂಕಿನವರು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗ ಮಾಡಿದಾಗಿನಿಂದ ಪ್ರತಿ ಶನಿವಾರದ ಪಾಡು ಇದೇ. ಹೆಂಡತಿ ಅನಸೂಯಾ ಮತ್ತು ಒಂಬತ್ತನೇ ಕ್ಲಾಸಿನ ಮಗಳು ಶುಭಾ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲೇ, ಇವನು ವಿಜಯವಾಡದಲ್ಲಿ ಕೃಷ್ಣಾ ನದಿಯ ಮಗ್ಗುಲಿನ ಭವಾನಿಪುರಂನ ಒಂದು ಕೋಣೆಯಲ್ಲಿ. ವಾರಕ್ಕೊಂದು ಭಾನುವಾರ ಹೆಂಡತಿ ಕೈಯ ಊಟ ಉಂಡು ಮಲಗೋಣ ಎಂದರೆ ಅದಕ್ಕೂ ಕಲ್ಲು ಹಾಕಲು ಒಂದು ಇನ್ವರ್ಟರ್ ಇತ್ತು.

ಅದನ್ನು ತಂದವನೂ ಅವನೇ ಎನ್ನಿ. ಬೇಸಿಗೆ ಬಂತೆಂದರೆ ಆ ಕಡೆ ಸಂಜೆಗೊಮ್ಮೆ, ಮಧ್ಯಾಹ್ನಕ್ಕೊಮ್ಮೆ ಕರೆಂಟು ಹೋಗುತ್ತದೆ. ತಾನಿಲ್ಲದಾಗ ತಾಯಿ ಮಗಳು ಬೆವರಿ ಸಾಯಬಾರದೆಂದು ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್, ಹಾಲಿನ ಮೂಲೆಯಲ್ಲಿ ಬ್ಯಾಟರಿ, ಅದರ ಮೇಲಿನ ಹಲಗೆಯಲ್ಲಿ ಇನ್ವರ್ಟರ್ ಪೆಟ್ಟಿಗೆ ಕೂರಿಸಿದ್ದ. ಆಗ ಇಡೀ ಬೀದಿಯಲ್ಲಿ ಅಂಥದ್ದು ಯಾರ ಮನೆಯಲ್ಲೂ ಇರಲಿಲ್ಲ. ಒಂದು ಫ್ಯಾನು, ಎರಡು ಟ್ಯೂಬ್‌ಲೈಟು. ಬಿಸಿಲಿನಿಂದಷ್ಟೇ ಬ್ಯಾಟರಿ ತುಂಬಬೇಕು, ಕರೆಂಟು ಹೋದಾಗ ಪೆಟ್ಟಿಗೆ ತಾನಾಗಿ ಎದ್ದು ಫ್ಯಾನು ತಿರುಗಿಸಬೇಕು. ಹೇಳುವುದಕ್ಕೆ ಎಷ್ಟು ಸಲೀಸು!

ಆದರೆ ಇವನು ಬಂದ ಶನಿವಾರವೇ ಅದು ಕೈಕೊಡುತ್ತಿತ್ತು. ಕರೆಂಟು ಹೋದೊಡನೆ ಫ್ಯಾನು ನಾಲ್ಕು ಸುತ್ತು ತಿರುಗಿ, ಕೆಂಪು ದೀಪ ಹತ್ತಿ, ಪೆಟ್ಟಿಗೆ ಕುಂಯ್ಗುಟ್ಟಿ ಆರಿಹೋಗುತ್ತಿತ್ತು. ಭಾನುವಾರ ಬೆಳಗಾದರೆ ಉಮಾಶಂಕರ ಬನಿಯನ್ನಿನಲ್ಲಿ ಮೂಲೆ ಸೇರುತ್ತಿದ್ದ. ಒಂದು ವಾರ ಫ್ಯೂಸ್ ಬದಲಾಯಿಸಿದ. ಇನ್ನೊಂದು ವಾರ ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ವ್ಯಾಸಲೀನ್ ಸವರಿ, ಎಲ್ಲ ತಪ್ಪನ್ನೂ ಸಮುದ್ರದ ಗಾಳಿಯ ಮೇಲೆ ಹೊರಿಸಿದ. ಮತ್ತೊಮ್ಮೆ ಡಿಸ್ಟಿಲ್ಡ್ ವಾಟರ್ ತುಂಬಿದ. ಪ್ಯಾನೆಲ್ ಮೇಲಿನ ಧೂಳನ್ನು ಹಳೇ ಪಂಚೆಯಿಂದ ಒರೆಸಿದ. ಏನು ಮಾಡಿದರೂ ಸಂಜೆಯ ಹೊತ್ತಿಗೆ ಅದು ಚೇತರಿಸಿಕೊಳ್ಳುತ್ತಿತ್ತು. ‘ನೋಡಿದ್ಯಾ?’ ಎಂದು ಹೆಂಡತಿಯ ಮುಂದೆ ಬೀಗಿ ರೈಲು ಹತ್ತುತ್ತಿದ್ದ. ಮುಂದಿನ ಶನಿವಾರ ಮತ್ತೆ ಅದೇ ರಾಮಾಯಣ.

ಹಾಗೆ ನೋಡಿದರೆ ಅವನ ಸಿಟ್ಟೂ ಇನ್ವರ್ಟರಿನಂತೆಯೇ, ಕರೆಂಟು ಹೋದೊಡನೆ ಹೊತ್ತಿಕೊಳ್ಳುವಂಥದ್ದು. ಅವನಿಗೆ ಅದು ಸಿಟ್ಟು ಅನ್ನಿಸುತ್ತಿರಲಿಲ್ಲ, ಸುಸ್ತು ಅನ್ನಿಸುತ್ತಿತ್ತು. ಸುಸ್ತಾದವನು ಒಂದು ಮಾತು ಜೋರಾಗಿ ಆಡಿದರೆ ಮನೆಯವರಲ್ಲದೆ ಇನ್ಯಾರು ಸಹಿಸಿಕೊಳ್ಳಬೇಕು ಎಂಬುದು ಅವನ ಲೆಕ್ಕ.

ಈ ಸಲ ಅವನು ಬರುವಾಗಲೇ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದ. ಭವಾನಿಪುರಂನಲ್ಲಿ ಒಳ್ಳೆಯ ಬಾಡಿಗೆ ಮನೆಯೊಂದು ಖಾಲಿಯಾಗಿತ್ತು. ಸೋಮವಾರ ಮಾತು ಕೊಟ್ಟರೆ ಶಾಲೆ ಶುರುವಾಗುವ ಮುಂಚೆ ಮೂವರೂ ಒಂದೇ ಸೂರಿನಡಿ ಇರಬಹುದು. ಈ ರೈಲಿನ ಓಡಾಟ ಇನ್ನು ತನ್ನ ಕೈಲಾಗದು ಎಂದು ಅವನಿಗೆ ಖಚಿತವಾಗಿತ್ತು. ಅನಸೂಯಾ ಕುಣಿದಾಡುತ್ತಾಳೆ ಅಂದುಕೊಂಡಿದ್ದ. ಶನಿವಾರ ಊಟಕ್ಕೆ ಕೂತಾಗ ಹೇಳಿದರೆ ಅವಳು ಸಾರು ಬಡಿಸುತ್ತ ‘ನೋಡೋಣ’ ಎಂದಳು, ಅಷ್ಟೇ. ಅದೇ ಹೊತ್ತಿಗೆ ಕರೆಂಟು ಹೋಯಿತು, ಪೆಟ್ಟಿಗೆ ಕುಂಯ್ ಎಂದಿತು, ಇವನು ತಟ್ಟೆ ಸರಿಸಿ ಎದ್ದುಬಿಟ್ಟ.

ಸೆಕೆಗೆ ನಿದ್ದೆ ಹತ್ತದೆ ಭಾನುವಾರ ಬೇಗನೆ ಎದ್ದ. ಅನಸೂಯಾ ಹಾಲು ತರಲು ಹೋಗಿದ್ದಳು. ಇವನು ವೋಲ್ಟ್ ಮೀಟರ್ ಹಚ್ಚಿ ನೋಡಿದ. ಬ್ಯಾಟರಿಯಲ್ಲಿ ಜೀವವೇ ಇರಲಿಲ್ಲ. ತುದಿಗಳು ಶುಭ್ರವಾಗಿದ್ದವು, ನೀರು ಗುರುತಿನವರೆಗಿತ್ತು, ಫ್ಯೂಸ್ ಸರಿಯಾಗಿತ್ತು. ಬಿಸಿಲು ಮೂಡಿದ ಮೇಲೂ ಬ್ಯಾಟರಿಗೆ ಚೂರೂ ಚಾರ್ಜ್ ಬರುತ್ತಿಲ್ಲ. ವೈರಿನ ಜಾಡು ಹಿಡಿದೇ ಮೆಟ್ಟಿಲು ಹತ್ತಿದ. ತಾರಸಿಯ ಬಾಗಿಲ ಪಕ್ಕ, ಪ್ಯಾನೆಲ್‌ನಿಂದ ಬರುವ ವೈರಿಗೆ ಒಂದು ಸ್ವಿಚ್ ಇತ್ತು. ಅದು ಆಫ್ ಆಗಿತ್ತು.

ಅನಸೂಯಾ ಹಾಲಿನ ಪಾತ್ರೆಯೊಂದಿಗೆ ಒಳಗೆ ಬರುವುದಕ್ಕೂ ಅವನು ಕೆಳಗಿಳಿಯುವುದಕ್ಕೂ ಸರಿಹೋಯಿತು.

“ಮೇಲಿನ ಸ್ವಿಚ್ ಯಾರು ಆರಿಸಿದ್ದು?”

ಅವಳ ಮುಖ ಸಣ್ಣಗಾಯಿತು. “ನಾನೇ ಕಣ್ರೀ. ಎದ್ದ ತಕ್ಷಣ ಹಾಕ್ಬೇಕು ಅಂತಿದ್ದೆ, ಹಾಲಿನವನು ಹೊರಟುಬಿಡ್ತಾನೆ ಅಂತ ಓಡಿದೆ.”

“ಯಾವಾಗಿಂದ ಆರಿಸಿದೀಯ?”

“ಸೋಮವಾರದಿಂದ. ಪ್ರತಿ ವಾರ ಹಂಗೇ ಅಲ್ವಾ? ಹಸಿರು ದೀಪ ಬಂದ್ಮೇಲೆ ಆರಿಸ್ತೀನಿ. ಮೊದಲ ತಿಂಗಳು ಬ್ಯಾಟರಿ ತುಂಬಿ ಕೊತಕೊತ ಕುದೀತು, ಮನೆಯೆಲ್ಲ ವಾಸನೆ ಆಯ್ತು, ‘ತುಂಬಿದ್ಮೇಲೆ ನಿಲ್ಲಿಸೋಕೆ ನಿಂಗೇನು ರೋಗ’ ಅಂತ ಬೈದ್ರಲ್ಲ. ಆಮೇಲೆ ನೀವು ಬರೋವರೆಗೂ ಅದನ್ನ ಮುಟ್ಟಲ್ಲ. ಕರೆಂಟ್ ಹೋದಾಗ ಫ್ಯಾನೂ ಹಾಕಲ್ಲ, ಲೈಟೂ ಹಾಕಲ್ಲ. ಪೆಟ್ಟಿಗೆ ಬಟನ್ ಮಾತ್ರ ಯಾವತ್ತೂ ಆರಿಸಬೇಡ ಅಂದಿದ್ರಿ, ಅದನ್ನ ಆರಿಸಿಲ್ಲ ದೇವರಾಣೆಗೂ.”

ಉಮಾಶಂಕರ ಸ್ಟೂಲಿನ ಮೇಲೆ ಕುಸಿದ. ಆ ಊರಿನಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಡ್ರಮ್ಮು ತುಂಬಿದರೆ ಕೊಳಾಯಿ ನಿಲ್ಲಿಸಿ, ಮುಚ್ಚಿಟ್ಟು, ಬೇಕಾದಾಗ ತೆಗೆಯುವುದು ಅವಳಿಗೆ ಅಭ್ಯಾಸ. ಕರೆಂಟನ್ನೂ ಹಾಗೇ ಮುಚ್ಚಿಟ್ಟಿದ್ದಾಳೆ. ಆದರೆ ಬಟನ್ ಹಾಕಿಟ್ಟ ಪೆಟ್ಟಿಗೆ ಸುಮ್ಮನೆ ಕೂತಿದ್ದರೂ ಬ್ಯಾಟರಿಯನ್ನು ಚೂರುಚೂರೇ ತಿನ್ನುತ್ತಿರುತ್ತದೆ. ಮೇಲಿನಿಂದ ಬಿಸಿಲು ಬಂದ್, ಒಳಗೆ ಪೆಟ್ಟಿಗೆಯ ಮೇವು ನಡೆದೇ ಇದೆ. ಶನಿವಾರದ ಹೊತ್ತಿಗೆ ಇನ್ನೇನು ಉಳಿದೀತು? ಅವನು ಹೇಳಿದ ಎರಡು ಮಾತನ್ನೂ ಅವಳು ಚಾಚೂ ತಪ್ಪದೆ ನಡೆಸಿದ್ದಳು, ಎರಡೂ ಸೇರಿ ಬ್ಯಾಟರಿಯನ್ನು ಕೊಂದಿದ್ದವು. ಅವನ ಭಾನುವಾರದ ರಿಪೇರಿಗಳೆಲ್ಲ ಬೂಟಾಟಿಕೆ. ಬೆಳಿಗ್ಗೆ ಎದ್ದು ಅವಳು ಸ್ವಿಚ್ ಹಾಕುತ್ತಿದ್ದದ್ದಕ್ಕೆ ಸಂಜೆಗೆ ಅದು ಚೇತರಿಸಿಕೊಳ್ಳುತ್ತಿತ್ತು.

“ಅಲ್ವೇ, ವಾರವೆಲ್ಲ ಕರೆಂಟ್ ಹೋದಾಗ ಏನ್ಮಾಡ್ತಿದ್ರಿ?”

“ಶುಭಾ ಲಾಟೀನು ಇಟ್ಕೊಂಡು ಓದ್ತಾಳೆ. ಸೆಕೆ ಜಾಸ್ತಿಯಾದ್ರೆ ಇಬ್ರೂ ಹೊರಗೆ ಮೆಟ್ಟಿಲ ಮೇಲೆ ಕೂತ್ಕೋತೀವಿ.”

ಇವನ ಕಣ್ಣು ತುಂಬಿತು. ಏನು ಹೆಂಡತಿ ತನ್ನವಳು! “ನಾನು ಬಂದಾಗ ಸುಖವಾಗಿ ನಿದ್ದೆ ಮಾಡ್ಲಿ ಅಂತ ಇಷ್ಟೊಂದು…” ಎಂದು ಅವಳ ಕೈ ಹಿಡಿಯಲು ಹೋದ.

ಅನಸೂಯಾ ಕೈ ಕೊಡಲಿಲ್ಲ. ಹಾಲಿನ ಪಾತ್ರೆಯನ್ನು ಕೆಳಗಿಟ್ಟು, ದಣಿದ ದನಿಯಲ್ಲಿ ಹೇಳಿದಳು. “ನಿಮ್ಮ ಸುಖಕ್ಕೆ ಅಂತ ನಾನ್ಯಾಕೆ ಸುಳ್ಳು ಹೇಳ್ಲಿ. ನೀವು ಬಂದ ದಿನ ಫ್ಯಾನ್ ನಿಂತ್ರೆ ನಿದ್ದೆಗೆಟ್ಟು ಎದ್ದು ಮನೆ ರಣರಂಗ ಮಾಡ್ತೀರಿ. ಮಗು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಕೂತ್ಕೋತಾಳೆ, ಗೊತ್ತಾ ನಿಮ್ಗೆ? ಆ ಒಂದು ದಿನ ನೆಟ್ಟಗೆ ಕಳೀಲಿ ಅಂತ ಕೂಡಿಡ್ತಿದ್ದೆ. ಒಂದು ದಿನವಾದ್ರೆ ಹೆಂಗೋ ಹೆದರ್ಕೊಂಡು ಇರಬಹುದು ಕಣ್ರೀ. ದಿನಾ ಆಗಲ್ಲ.”

ಬೈಗುಳ ನಾಲಿಗೆಯ ತುದಿಗೆ ಬಂದೇ ಬಂತು. ರೈಲಿನ ನೂಕುನುಗ್ಗಲು, ಮೆಸ್ಸಿನ ಹುಳಿ ಅನ್ನ, ಇಷ್ಟೆಲ್ಲ ಯಾರಿಗಾಗಿ ಎಂದು ಕೂಗಬೇಕೆನಿಸಿತು. ಅಡುಗೆಮನೆಯ ಬಾಗಿಲಲ್ಲಿ ಜಡೆ ಹೆಣೆಯುವುದನ್ನು ನಿಲ್ಲಿಸಿ ನಿಂತಿದ್ದ ಶುಭಾಳನ್ನು ಆಗ ಕಂಡ. ಅವಳು ಅಪ್ಪನನ್ನಲ್ಲ, ಬಚ್ಚಲ ಬಾಗಿಲನ್ನು ನೋಡುತ್ತಿದ್ದಳು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಎದ್ದು ಮೇಲೆ ಹೋಗಿ ಸ್ವಿಚ್ ಹಾಕಿದ. ಕೆಳಗೆ ಬಂದು, ಇನ್ನು ಮೇಲೆ ಅದನ್ನು ಆರಿಸುವುದು ಬೇಡ, ಬ್ಯಾಟರಿ ಕುದಿಯದ ಹಾಗೆ ತಾನೇ ಏನಾದರೂ ಮಾಡಿಸುತ್ತೇನೆ, ದಿನಾ ಫ್ಯಾನು ಹಾಕಿಕೊಳ್ಳಿ ಎಂದು ಮೆಲ್ಲಗೆ ಹೇಳಿದ. ತಾಯಿ ಮಗಳು ಇಬ್ಬರೂ ತಲೆಯಾಡಿಸಿದರು.

ಮಧ್ಯಾಹ್ನ ಊಟವಾದ ಮೇಲೆ, ಎಲೆ ಅಡಿಕೆ ಹಾಕಿಕೊಳ್ಳುತ್ತ, ಗೋಡೆ ಕಡೆ ನೋಡಿಕೊಂಡು ಹೇಳಿದ, “ಭವಾನಿಪುರಂ ಮನೆ ಬೇಡ ಅಂತ ನಾಳೆ ಹೇಳಿಬಿಡ್ತೀನಿ.”

‘ಅಯ್ಯೋ, ಹಂಗ್ಯಾಕಂತೀರಿ, ನಾವೂ ಬರ್ತೀವಿ’ ಅಂತ ಅವಳು ಅಂದಾಳು ಎಂದು ಅವನ ಜೀವ ಕಾಯುತ್ತಿತ್ತು.

“ಆಯ್ತು,” ಅಂದಳು ಅನಸೂಯಾ. ಆಮೇಲೆ ರೈಲಿಗೆ ಬುತ್ತಿ ಕಟ್ಟಲು ಒಳಗೆ ಹೋದಳು.