ಮುಂದಿನ ಚೆಂಡು

"ಕಾಂಚನಾ, ಹೆಗಲು ಕೊಡವ್ವ," ಎನ್ನುತ್ತ ಹಟ್ಟಿಯ ಹಿರಿಯ ಕ್ಯಾತಣ್ಣ ನೀರು ತುಂಬಿದ ಹೊಸ ಗಡಿಗೆಯನ್ನು ಎತ್ತಿದ. ಅದು ಹುಡುಗಿಯ ಹೆಗಲಿಗೆ ತಾಗುವ ಮೊದಲೇ ಯರ್ರಮ್ಮ ಅದರ ಕಂಠಕ್ಕೆ ಕೈಹಾಕಿದಳು.

"ತಡಿಯಪ್ಪ. ಅವಳ ಮ್ಯಾಲೆ ಇಡಬ್ಯಾಡ."

ಚಪ್ಪರದ ಕೆಳಗೆ ಯರ್ರಮ್ಮನ ತಮ್ಮ ಮಾರುತಿ ಹೂವಿನ ಹಾರದಡಿ ಮಲಗಿದ್ದ. ನಿನ್ನೆ ಚಳ್ಳಕೆರೆಯಲ್ಲಿ ಟೆನಿಸ್ ಅಂಗಣಕ್ಕೆ ರೋಲರ್ ಎಳೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಗಂಡುಮಕ್ಕಳಿಲ್ಲ, ಕಾಂಚನಾ ಒಬ್ಬಳೇ ಮಗಳು. ಗಡಿಗೆ ಹೊತ್ತವರು ಮೂರನೆಯ ದಿನ ಗುಂಡಿಗೆ ಹಾಲುತುಪ್ಪ ಬಿಡುವವರೆಗೆ ತಮ್ಮೂರು ದೇವಸಮುದ್ರದ ಎಲ್ಲೆ ದಾಟಬಾರದೆಂಬುದು ಅವರ ಮನೆತನದ ಕಟ್ಟಳೆ. ಕಾಂಚನಾಳಿಗೋ ನಾಳೆ ಬೆಳಿಗ್ಗೆ ದಾವಣಗೆರೆಯಲ್ಲಿ ಆಟ. ಟೆನಿಸನ್ನೇ ದುಡಿಮೆ ಮಾಡಿಕೊಂಡ ಮೇಲೆ ಅವಳು ಮುಟ್ಟಿದ ಮೊದಲ ಫೈನಲ್ ಅದು.

"ಮತ್ತೆ ಯಾರು ಹೊರ್ತಾರೆ?"

"ನಾನು."

"ಅಕ್ಕ ಹೊತ್ತಿದ್ದು ಎಲ್ಲಾನ ಐತೇನಮ್ಮ?"

"ಇವನ್ನ ಸೊಂಟದ ಮ್ಯಾಲೆ ಕೂರಿಸ್ಕೊಂಡು ಕುರಿ ಕಾದವಳು ನಾನು. ಗಡಿಗೆ ಭಾರಾನಾ?"

ಕಾಂಚನಾಳ ಸೋದರಮಾವ ಚಂದ್ರಣ್ಣ ಸುಮ್ಮನಿರಲಿಲ್ಲ. "ಇವರಪ್ಪಾನೂ ಹಿಂಗೇ. ವಯಸ್ಸೆಲ್ಲ ಊರೂರು ಅಲೆದು ಬ್ಯಾಟು ಬೀಸಿದ. ಒಂದು ದೊಡ್ಡ ಕಪ್ಪು ತಂದ್ನಾ?"

"ನಾನೇ ಹೊರ್ತೀನತ್ತೆ," ಎಂದಳು ಕಾಂಚನಾ ತಲೆ ತಗ್ಗಿಸಿ. "ಆಟ ಮುಂದಿನ ವರ್ಷಾನೂ ಬರ್ತೈತೆ."

ಯರ್ರಮ್ಮ ಗಡಿಗೆ ಬಿಡಲಿಲ್ಲ. ತಮ್ಮನ ಮುಖ ನೋಡಿದಳು.

* * *

ಹಿಂದೊಮ್ಮೆ ಅವಳು ಮನೆದೇವರು ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತು, ತಮ್ಮನ ಆಟ ನೋಡಲು ಬಳ್ಳಾರಿಗೆ ಹೋಗಿದ್ದಳು. ಅಂಪೈರ್ ಇಲ್ಲದ ಪಂದ್ಯ. ತನ್ನ ಕಡೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂದು ಆಡುವವನೇ ಹೇಳಬೇಕು. ಬಿಗಿಯಾದ ಹೊತ್ತಿನಲ್ಲಿ ಒಂದು ಚೆಂಡು ಗೆರೆಯ ಅಂಚಿಗೆ ಬಿತ್ತು. ನೋಡುವವರೆಲ್ಲ ಹೊರಗೆಂದು ಕೂಗಿದರು. ಮಾರುತಿ ಬಗ್ಗಿ ಮಣ್ಣಿನ ಗುರುತು ನೋಡಿ, ಒಳಗೆಂದು ಕೈ ತೋರಿಸಿದ. ಆಮೇಲೆ ಬಲೆಗೆ ಬೆನ್ನು ಹಾಕಿ, ಬೇಲಿಯ ಕಡೆ ತಿರುಗಿ, ರ‍್ಯಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ಒಂದೊಂದಾಗಿ ನೇರ ಮಾಡಿ, ಮತ್ತೆ ಗೆರೆಗೆ ಬಂದು ನಿಂತ. ಆ ದಿನ ಸೋತ.

"ಬೇಲಿ ಕಡೆ ಯಾಕೋ ತಿರುಗಿದ್ದು?" ಬಸ್ಸಿನಲ್ಲಿ ಕೇಳಿದಳು.

"ಹೋದ ಚೆಂಡನ್ನ ಅಲ್ಲಿ ಬಿಟ್ಟು ಬರಾಕೆ. ಹೊತ್ಕೊಂಡೇ ಬಂದ್ರೆ ಮುಂದಿನ ಚೆಂಡು ಕಾಣಂಗಿಲ್ಲಕ್ಕ."

"ಸುಳ್ಳು ಹೇಳಿದ್ರೆ ಗೆಲ್ತಿದ್ದಿ."

"ಸೋಮವಾರ ಹುಬ್ಬಳ್ಳಿಯಾಗೆ ಐತಲ್ಲ, ಅಲ್ಲಿ ಗೆಲ್ತೀನಿ ಬಿಡು," ಎಂದು ಅವನು ಮಂಡಕ್ಕಿ ಪೊಟ್ಟಣ ಬಿಚ್ಚಿದ.

ಮೊಣಕಾಲು ಸೋಲುವವರೆಗೆ ಅವನು ಹಾಗೆಯೇ ಬದುಕಿದ. ರೈಲಿನಲ್ಲಿ ನಿದ್ದೆ, ಕೈಯಾರೆ ಕಟ್ಟಿಕೊಂಡ ತಂತಿ, ಪ್ರತಿ ಸೋಮವಾರ ಹೊಸ ಆಟ.

* * *

"ಚಂದ್ರಣ್ಣ, ಕಪ್ಪು ಕೇಳಿದ್ಯಲ್ಲ," ಎಂದಳು ಯರ್ರಮ್ಮ, ಕಾಂಚನಾಳ ಬೆನ್ನ ಮೇಲೆ ಕೈಯಿಟ್ಟು. "ಇಕಾ, ಇಲ್ಲಿ ನಿಂತೈತೆ ನೋಡು. ಕ್ಯಾತಣ್ಣ, ಮಾರಮ್ಮ ಕೇಳಿದ್ರೆ ನಾನು ಉತ್ತರ ಕೊಡ್ತೀನಿ. ಇಡು ಗಡಿಗೆ."

"ನಿನ್ನ ಬಾಯಿಗೆ ಆ ತಾಯಿನೇ ಸುಮ್ಮನಾಗ್ತಾಳೆ ಬಿಡು," ಎಂದು ಕ್ಯಾತಣ್ಣ ಗಡಿಗೆಯನ್ನು ಅವಳ ಹೆಗಲಿಗಿಟ್ಟ.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಕಾಂಚನಾ ಅಪ್ಪನ ಮೇಲೆ ಹಿಡಿಮಣ್ಣು ಹಾಕಿದಳು. ಕಾಲು ಮಾತ್ರ ಕೀಳಲಿಲ್ಲ.

"ಹೋಗು ಮಗಳೇ," ಎಂದಳು ಯರ್ರಮ್ಮ. "ನಿಮ್ಮಪ್ಪ ಹೇಳಿಕೊಟ್ಟಂಗೆ ಹೋಗು."

ಗಂಡಸರು ಕುಣಿ ಮುಚ್ಚಿದರು. ಕ್ಯಾತಣ್ಣ ಕಲ್ಲಿನಿಂದ ಗಡಿಗೆಗೆ ತೂತು ಮಾಡಿದ. ನೀರು ಸುರಿಸುತ್ತ ಸುತ್ತು ಬಂದ ಯರ್ರಮ್ಮ ಬೆನ್ನು ತಿರುಗಿಸಿ ನಿಂತು ಗಡಿಗೆಯನ್ನು ಹಿಂದಕ್ಕೆ ಬಿಟ್ಟಳು. ಅದು ಒಡೆದ ಸದ್ದು ಕೇಳಿತು. ತಿರುಗಿ ನೋಡದೆ ನಡೆದಳು.

ಎದುರಿಗೆ, ರಸ್ತೆಯ ಬದಿಯಲ್ಲಿ, ಬೋರಿನ ನೀರು ಸುರಿದುಕೊಂಡ ಒದ್ದೆ ಕೂದಲಿನಲ್ಲಿ ಕಾಂಚನಾ ಜಾಲಿಬೇಲಿಯ ಕಡೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ರ‍್ಯಾಕೆಟ್ಟು, ಬೆರಳುಗಳು ತಂತಿಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದವು. ಬಸ್ಸಿನ ಹಾರ್ನ್ ಕೇಳಿದಾಗ ಅವಳು ತಿರುಗಿ ರಸ್ತೆಗೆ ಬಂದು ಕೈ ಎತ್ತಿದಳು.