ಪೆಡಲಿನ ಮೇಲೆ

"ಕಾಲು ಎತ್ತಬೇಡಮ್ಮಾ," ವ್ಯಾನಿನ ಅಡಿಯಿಂದ ಮಾವನ ದನಿ ಬಂತು. "ಏನೇ ಆದ್ರೂ ಎತ್ತಬೇಡ."

ಸೊಸೆ ಎತ್ತಿರಲಿಲ್ಲ. ಮನೆಯ ಬೀಗದ ಕೈ ಕೇಳಲೆಂದು ಶೆಡ್ಡಿಗೆ ಬಂದವಳು, ಹಗ್ಗ ಸರಿಯದಂತೆ ತಡೆದಿದ್ದ ಕೊಂಡಿ ಮುರಿದ ಸದ್ದಿಗೆ ಬೆಚ್ಚಿ, ಮೇಲೆತ್ತಿದ್ದ ವ್ಯಾನಿನ ಮೂತಿ ಕುಸಿಯುವುದನ್ನು ಕಂಡು ಪಕ್ಕದ ಯಂತ್ರದ ಪೆಡಲ್ ತುಳಿದಿದ್ದಳು. ವ್ಯಾನು ಎತ್ತುವ ಆ ಯಂತ್ರವನ್ನು ಮಾವನೇ ಗುಜರಿಯಿಂದ ಕಟ್ಟಿದ್ದರು. ಹಳೇ ಲಾರಿಯ ಚಕ್ರದ ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತಿ, ಅದೇ ಲಾರಿಯ ಬ್ರೇಕ್ ಪೆಡಲನ್ನು ಕಂಬದ ಬುಡಕ್ಕೆ ಕೂರಿಸಿದ್ದರು. ಲಾರಿ ಸತ್ತರೂ ಬ್ರೇಕಿಗೆ ಇನ್ನೂ ಆಯುಸ್ಸಿದೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಈಗ ಅವರ ಎದೆಗೂ ಇಂಜಿನ್ನಿನ ಅಡಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಅಂಗಿಯ ತೋಳು ಯಾವುದೋ ಬೋಲ್ಟಿಗೆ ಸಿಕ್ಕಿಕೊಂಡಿತ್ತು, ಎಳೆದರೂ ಬಿಡುತ್ತಿರಲಿಲ್ಲ. ಗಂಡ ಪೇಟೆಗೆ ಹೋಗಿದ್ದ. ಕೂಗಿದರೆ ಕೇಳುವವರಿಲ್ಲ, ಬಿಟ್ಟು ಓಡುವ ಹಾಗಿಲ್ಲ.

ಅಷ್ಟರಲ್ಲಿ ಪೆಡಲ್ ಅವಳ ಪಾದದ ಕೆಳಗೆ ಮೆಲ್ಲಗೆ ಇಳಿಯತೊಡಗಿತು.

"ಮಾವ, ಇದು ಇಳೀತಿದೆ. ಎಷ್ಟು ಒತ್ತಿದ್ರೂ ಇಳೀತಿದೆ."

"ಬ್ರೇಕ್ ಎಣ್ಣೆ ಸೋರ್ತಿದೆ," ಎಂದರು. "ಪೆಡಲ್ ನೆಲ ಮುಟ್ಟಿದ್ರೆ ಬ್ರೇಕ್ ಹಿಡಿಯಲ್ಲ. ಒಂದ್ಸಲ ಪೂರ್ತಿ ಬಿಟ್ಟು, ತಕ್ಷಣ ತುಳೀಬೇಕು, ಆಗ ಮತ್ತೆ ಬಿಗಿ ಬರುತ್ತೆ."

"ಬಿಟ್ರೆ ನಿಮ್ಮ ಮೇಲೆ ಬೀಳುತ್ತೆ."

"ಸ್ವಲ್ಪ ಇಳಿಯುತ್ತೆ. ನಾನು ಮೊದಲೇ ಸಣಕಲ, ಉಸಿರು ಬಿಟ್ಟು ಮಲಗ್ತೀನಿ."

"ನನ್ನ ಕೈಲಾಗಲ್ಲ ಮಾವ."

"ನಂಗೂ ಭಯ ಆಗ್ತಿದೆ ಮಗಳೇ." ಆ ಮಾತನ್ನು ಅವಳು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. "ಬೇಗ ಮಾಡು."

ಅವಳು ಎರಡೂ ಕೈಯಲ್ಲಿ ಕಂಬ ಹಿಡಿದು ಕಾಲು ಎತ್ತಿದಳು. ಹಗ್ಗ ಕಿರ್ರೆಂದಿತು, ವ್ಯಾನು ಜಗ್ಗಿ ಇಳಿಯಿತು, ಕೆಳಗೆ ಸಣ್ಣದೊಂದು ನರಳಿಕೆ. ಮೈಭಾರವನ್ನೆಲ್ಲ ಹಾಕಿ ತುಳಿದಳು. ಪೆಡಲ್ ಗಟ್ಟಿಯಾಗಿ ನಿಂತಿತು.

"ಮಾವ?"

ಮತ್ತೆ ಕರೆಯಲು ಧೈರ್ಯ ಬರಲಿಲ್ಲ.

ಆಮೇಲೆ ಬಟ್ಟೆ ಪರ್ರನೆ ಹರಿದ ಸದ್ದು. ಮೊದಲು ಒಂದು ಮೊಣಕೈ, ಅದರ ಹಿಂದೆ ನೆರೆತ ತಲೆ, ಕೊನೆಗೆ ಮಾವ ಪೂರ್ತಿ ತೆವಳಿ ಹೊರಬಂದರು. ಏಳಲಾಗದೆ, ಕೂತಲ್ಲಿಂದಲೇ ಮರದ ದಿಮ್ಮಿಯೊಂದನ್ನು ವ್ಯಾನಿನ ಅಡಿಗೆ ತಳ್ಳಿದರು.

"ಆಯ್ತು, ಬಿಡಮ್ಮಾ."

ಅವಳು ಬಿಡಲಿಲ್ಲ. ತೊಡೆ ಗಡಗಡ ನಡುಗುತ್ತಿತ್ತು, ಪಾದ ಮಾತ್ರ ಅಲ್ಲೇ ಇತ್ತು. "ಬೀಳುತ್ತೆ," ಎಂದಳು.

"ಬೀಳಲ್ಲ. ನೋಡು, ನಾನು ಹೊರಗಿದೀನಿ."

ಆದರೂ ಬಿಡಲಿಲ್ಲ. ಮಾವ ನೆಲದ ಮೇಲೇ ಜರುಗುತ್ತ ಹತ್ತಿರ ಬಂದರು. ಎಣ್ಣೆ ಮೆತ್ತಿದ ಎರಡೂ ಅಂಗೈಗಳಲ್ಲಿ ಸೊಸೆಯ ಪಾದ ಹಿಡಿದು ಮೆಲ್ಲಗೆ ಎತ್ತಿದರು. ದಿಮ್ಮಿಯ ಮೇಲೆ ವ್ಯಾನು ಕಿರುಗುಟ್ಟಿ ಕೂತಿತು. ಪಾದವನ್ನು ತಮ್ಮ ಮಂಡಿಯ ಮೇಲೆ ಇಟ್ಟುಕೊಂಡು, ಅದರ ನಡುಕ ನಿಲ್ಲುವವರೆಗೂ ಅವರು ಹಾಗೇ ಹಿಡಿದು ಕೂತಿದ್ದರು.