ಸವೆಯದ ಬೂಟು

ಕ್ಷೌರಿಕ ಮೀಸೆಯ ಎಡತುದಿ ಕತ್ತರಿಸಿ, ತಲೆ ಓರೆ ಮಾಡಿ ನೋಡಿ, ಬಲತುದಿಗೆ ಕೈಹಾಕಿದ. ಗಡಿಯಾರ ರಿಪೇರಿಯವನ ಬಿಳಿ ಮೀಸೆಯಲ್ಲಿ ಹೊಗೆಯ ಹಳದಿ ಉಳಿದಿದ್ದದ್ದು ಇನ್ನು ಅಲ್ಲೊಂದೇ ಕಡೆ.

“ಇಷ್ಟು ವರ್ಷ ನನ್ನ ಕುರ್ಚಿ ಮೇಲೆ ಒಂದು ನಿಮಿಷ ಸುಮ್ಮನೆ ಕೂತವನಲ್ಲ. ಇವತ್ತು ನೋಡಿ ಅತ್ತಿಗೆ, ಎಂಥ ಸಹಕಾರ!” ಎಂದು ಮೂಗೊರೆಸಿಕೊಂಡ.

“ಬೇಗ ಮುಗಿಸಪ್ಪ, ಮಗಳು ಬಂದುಬಿಡ್ತಾಳೆ,” ಎಂದಳು ಹೆಂಡತಿ.

ಮಗಳು ಬರುವಷ್ಟರಲ್ಲಿ ಹಳದಿ ಹೋಗಿತ್ತು.

ಮಧ್ಯಾಹ್ನ ಎಲ್ಲ ಮುಗಿಸಿ ಬಂದವರು ಹಜಾರದಲ್ಲಿ ಕೂತು ಸತ್ತವನನ್ನು ಹೊಗಳತೊಡಗಿದರು. ಸತ್ತ ದಿನ ಯಾರಿಗೂ ಹೊಗಳಿಕೆಯ ಬರವಿಲ್ಲ.

“ದಿನಾ ಒಂದು ಗಂಟೆ ನಡಿಗೆ. ಸಿಗರೇಟಂತೂ ಕೈಯಲ್ಲೂ ಮುಟ್ಟಿದವನಲ್ಲ,” ಎಂದರು ಎದುರುಮನೆ ಮೇಷ್ಟ್ರು.

ಕ್ಷೌರಿಕನಿಗೆ ಕೆಮ್ಮು ಬಂತು.

ಅಷ್ಟರಲ್ಲಿ ಪಟ್ಟಿ ಸಿಸ್ಟರ್ ಬಂದರು. ಮೂವತ್ತೆರಡು ವರ್ಷಗಳಿಂದ, ಎರಡು ವರ್ಷಕ್ಕೊಮ್ಮೆ, ಆ ಬೀದಿಯ ತೋಳುಗಳಿಗೆಲ್ಲ ರಕ್ತದೊತ್ತಡದ ಪಟ್ಟಿ ಸುತ್ತಿದ ಕೈ ಅವರದು. ಐದು ಸಾವಿರ ಜನರನ್ನು ಆರಿಸಿಕೊಂಡು, ಏನು ತಿಂತಾರೆ, ಎಷ್ಟು ನಡೀತಾರೆ, ಏನು ಸೇದ್ತಾರೆ ಎಂದು ಬರೆದಿಟ್ಟುಕೊಂಡು, ಯಾರ ಹೃದಯ ಯಾವಾಗ ಏಕೆ ಕೈಕೊಡುತ್ತದೆ ಎಂದು ಕಾಯುವ ಅಧ್ಯಯನ ಅದು. ತಪಾಸಣೆಯ ದಿನ ತಿಂಗಳ ಮೊದಲೇ ತಿಳಿಯುತ್ತಿತ್ತಾದ್ದರಿಂದ ಬೀದಿಗೆ ಬೀದಿಯೇ ಶಾಲೆಮಕ್ಕಳಂತೆ ತಯಾರಿ ನಡೆಸುತ್ತಿತ್ತು. ಉಪ್ಪು ಡಬ್ಬಿಯಲ್ಲೇ ಉಳಿಯುತ್ತಿತ್ತು. ಮೇಷ್ಟ್ರು ಏದುಸಿರು ಬಿಡುತ್ತ ಮಹಡಿ ಹತ್ತಿಳಿಯುತ್ತಿದ್ದರು. ಪಟ್ಟಿ ಬಿಚ್ಚಿದೊಡನೆ ಎಲ್ಲರೂ ಸಾಲಾಗಿ ಬೇಕರಿಗೆ.

ಸಿಸ್ಟರ್ ಕೈಯಲ್ಲಿ ಈಗ ಹಳೆಯ ಕಡತ, ಜೊತೆಗೆ ಒಂದು ಹೊಸ ನಮೂನೆ. ಸತ್ತ ಮೇಲೆ ಮನೆಯವರನ್ನು ಕೇಳಿ ತುಂಬುವಂಥದ್ದು.

•

ಮೊದಲ ಸಲ ಸಿಸ್ಟರ್ ಬಂದಾಗ ಮಗಳಿಗೆ ಎಂಟು ವರ್ಷ. ಅಪ್ಪನ ತೊಡೆಯೇರಿ ಕೂತಿದ್ದಳು. ಹಿಂದಿನ ವಾರವಷ್ಟೇ ಅಪ್ಪನ ಸಿಗರೇಟನ್ನು ಕಿತ್ತುಕೊಂಡು ನೀರಿನ ಬಕೆಟ್ಟಿಗೆ ಹಾಕಿ, “ಇನ್ಮೇಲೆ ಸೇದಿದ್ರೆ ನಿನ್ನ ಜೊತೆ ಮಾತಾಡಲ್ಲ,” ಎಂದಿದ್ದಳು.

“ಸಿಗರೇಟು?” ಎಂದರು ಸಿಸ್ಟರ್, ಆಗಿನ್ನೂ ಚಿಕ್ಕವರು.

ಮಗಳು ಕತ್ತು ತಿರುಗಿಸಿ ಅಪ್ಪನ ಬಾಯನ್ನೇ ನೋಡಿದಳು.

“ಇಲ್ಲ,” ಎಂದನವನು. “ಬಿಟ್ಟೆ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋಗಿಬಿಟ್ಟಳು. ಆ ಒಂದು ಮಾತನ್ನು ಮುಂದೆ ಅವನು ಕೈಗಡಿಯಾರಕ್ಕೆ ಕೀ ಕೊಡುವಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಬಂದ. ಮಗಳು ಮೊದಲ ಸಂಬಳದಲ್ಲಿ ನಡಿಗೆಯ ಬೂಟು ತಂದುಕೊಟ್ಟ ಮೇಲೆ ಅದಕ್ಕೆ ಇನ್ನೊಂದು ಮಾತು ಸೇರಿತು. ಫೋನಿನಲ್ಲಿ ಪ್ರತಿ ಭಾನುವಾರ, “ಹೂಂ ಕಣಮ್ಮ, ಈಗ ತಾನೇ ನಡೆದು ಬಂದೆ.”

•

“ಸಿಗರೇಟು, ಇಲ್ಲ. ನಡಿಗೆ, ದಿನಾ,” ಎಂದು ಕಡತ ನೋಡಿ ಓದಿದ ಸಿಸ್ಟರ್, ತಲೆಯೆತ್ತಿದರು. “ಕೊನೇವರೆಗೂ ಹೀಗೇನಾ?”

“ಹೀಗೇ,” ಎಂದಳು ಮಗಳು. “ನೀವು ಹೇಳಿದ್ದೆಲ್ಲ ಮಾಡಿದ್ರು. ಆದ್ರೂ ಕೂತಲ್ಲೇ ಹೃದಯ ನಿಂತುಹೋಯ್ತು. ಅಂದ್ರೆ ಇದು ನಮ್ಮ ರಕ್ತದಲ್ಲೇ ಇದೆ ಅಂತಾಯ್ತಲ್ಲ? ನನಗೂ ಬರೋದೇ ಸೈ. ಆಮೇಲೆ ನಿಮ್ಮ ಅಧ್ಯಯನಕ್ಕೆ ಸೇರಿಸಿಕೊಂಡ್ರಲ್ಲ, ಆ ಮಕ್ಕಳ ಪಟ್ಟೀಲಿ ನನ್ನ ಹೆಸರಿದೆಯಲ್ಲ ಸಿಸ್ಟರ್, ಹೊಡೆದುಹಾಕಿ. ಬಿಪಿ ಮಾತ್ರೆನೂ ನಿಲ್ಲಿಸ್ತೀನಿ. ಅವರನ್ನೇ ಕಾಯದ್ದು ನನ್ನನ್ನೇನು ಕಾಯುತ್ತೆ?”

ಕ್ಷೌರಿಕ ನೆಲ ನೋಡಿದ. ಸಿಸ್ಟರ್ ಹೆಂಡತಿಯ ಕಡೆ ತಿರುಗಿದರು.

“ಇಷ್ಟು ವರ್ಷ ಮೂಗಿಗೆ ಬಡಿದ ವಾಸನೇನ ನಾನು ಬರೆಯೋ ಹಾಗಿಲ್ಲಮ್ಮ,” ಎಂದರು ಮೆಲ್ಲಗೆ. “ಮನೆಯವರ ಬಾಯಿಂದ ಬಂದಿದ್ದನ್ನ ಮಾತ್ರ ಬರೀತೀನಿ.”

ಹೆಂಡತಿ ಎದ್ದು ಒಳಗೆ ಹೋಗಿ, ಕಪಾಟಿನ ಕೆಳಗಿನಿಂದ ಬೂಟುಗಳನ್ನು ತಂದು ಮಗಳ ಮಡಿಲಲ್ಲಿಟ್ಟಳು.

“ಒಳಗೆ ಕೈಹಾಕು.”

ಎಡಗಾಲಿನ ಬೂಟಿನಿಂದ ಸಿಗರೇಟು ಪ್ಯಾಕು ಹೊರಬಂತು. ನಾಲ್ಕು ಉಳಿದಿದ್ದವು. ಮಗಳು ಬೂಟು ಮಗುಚಿ ನೋಡಿದಳು. ಅಟ್ಟೆಗೆ ಒಂದು ಕಣ ಮಣ್ಣು ತಾಗಿರಲಿಲ್ಲ. ಅಂಗಡಿಯವರು ಅಂಟಿಸಿದ್ದ ಅಳತೆಯ ಚೀಟಿ ಇನ್ನೂ ಹಾಗೇ ಇತ್ತು.

“ಮತ್ತೆ ನಡಿಗೆ?”

“ನಡೀತಿದ್ದ ಕಣಮ್ಮ,” ಎಂದ ಕ್ಷೌರಿಕ. “ಅವನಂಗಡಿಯಿಂದ ನನ್ನಂಗಡಿ ಹಿಂದುಗಡೆವರೆಗೆ. ಬೆಂಕಿಪೊಟ್ಟಣ ನನ್ನದು.”

“ನಿನಗೆ ಗೊತ್ತಾಗಬಾರದು ಅಂತ ಅವರಿಗೆ ಎಷ್ಟು ಹೆದರಿಕೆ ಅಂತೀಯ,” ಎಂದಳು ತಾಯಿ. “ಹೃದಯಕ್ಕೂ ಅಷ್ಟು ಹೆದರಲಿಲ್ಲ.”

“ಕಳ್ಳ,” ಎಂದಳು ಮಗಳು. ನಗು ಬಂತೋ ಅಳು ಬಂತೋ, ಮೇಷ್ಟ್ರಿಗೆ ತಿಳಿಯಲಿಲ್ಲ. ಅವರು ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು.

ಅಧ್ಯಯನದ ಕಡತದಲ್ಲಿ ಅಳಿಸುವ ಪದ್ಧತಿಯಿಲ್ಲ. ಸಿಸ್ಟರ್ ಪ್ರತಿ ಸಲದ ‘ಇಲ್ಲ’ದ ಮೇಲೂ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕುತ್ತ ಹೋದರು. ಹದಿನಾರು ಗೆರೆ, ಹದಿನಾರು ಸಹಿ. ಕೊನೆಯದನ್ನು ಮುಗಿಸಿ ತಲೆಯೆತ್ತಿದಾಗ, ಮಗಳು ಎಡತೋಳಿನ ಬಟ್ಟೆ ಸರಿಸಿ ಮೇಜಿನ ಮೇಲೆ ಚಾಚಿದ್ದಳು. ಬಲಗೈ ಇನ್ನೂ ಬೂಟಿನೊಳಗೇ ಇತ್ತು.